ಕಂಪನಿಯೋ, ಕ್ಲಬ್ಬೋ

ಅವಳು ಹಲ್ಲುಜ್ಜುತ್ತಿದ್ದಾಗ ಫೋನು ಬರದೇ ಹೋಗಿದ್ದರೆ ಆ ದಿನ ಬೇರೆಯೇ ಆಗಿರುತ್ತಿತ್ತು.

“ಮೇಡಂ, ನಿಮ್ಮ ಕಾರಿನ ಜತೆ ಕಂಪನಿಯವರು ಉಚಿತವಾಗಿ ಕೊಟ್ಟಿದ್ದ ರೋಡ್‌ಸೈಡ್ ಅಸಿಸ್ಟೆನ್ಸ್ ಇವತ್ತಿಗೆ ಮುಗೀತಿದೆ,” ಎಂದಿತು ಸಕ್ಕರೆ ಹಾಕಿ ಕಲಸಿದಂಥ ದನಿ. “ನಾಳೆಯಿಂದ ಗಾಡಿ ದಾರೀಲಿ ನಿಂತರೆ ನಾವು ಬರೋಕಾಗಲ್ಲ. ಮುಂದುವರಿಸ್ತೀರಾ?”

ಬಾಯಿ ತುಂಬ ನೊರೆ. ಅವಳು “ಊಂ” ಎಂದಳು. ಮರುಕ್ಷಣವೇ, ಊಂ ಎಂದದ್ದನ್ನು ಅವರು ಒಪ್ಪಿಗೆ ಎಂದು ದಾಖಲು ಮಾಡಿಕೊಂಡರೆ ಏನು ಗತಿ ಎಂದು ಹೆದರಿ, ನೊರೆ ಉಗಿದು, “ಯೋಚನೆ ಮಾಡಿ ಹೇಳ್ತೀನಿ” ಎಂದು ಫೋನಿಟ್ಟಳು.

ಯೋಚನೆ ಮಾಡುವುದು ಅವಳಿಗೆ ಉಸಿರಾಡಿದಷ್ಟು ಸಹಜ. ತೀರ್ಮಾನಕ್ಕೆ ಬರುವುದು ಮಾತ್ರ ಗುಡ್ಡ ಹತ್ತಿದ ಹಾಗೆ. ಅವಳು ಪೇಟೆಯ ದೊಡ್ಡ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಹಿಂಬದಿಯ ಕಿಟಕಿಯಿಲ್ಲದ ಕತ್ತಲೆ ಕೋಣೆಯಲ್ಲಿ ಕೂತು, ಬಂದವರ ಕಣ್ಣ ಮುಂದೆ ಗಾಜು ಬದಲಾಯಿಸುತ್ತಾ, “ಈಗ ಚೆನ್ನಾಗಿ ಕಾಣುತ್ತಾ, ಆಗಲೇ ಚೆನ್ನಾಗಿತ್ತಾ?” ಎಂದು ಕೇಳುವುದೇ ಅವಳ ಕೆಲಸ. ಜನ ಥಟ್ಟನೆ ಉತ್ತರ ಹೇಳಿ ಎದ್ದು ಹೋಗುತ್ತಿದ್ದರು. ಅವಳಿಗೆ ಅದೇ ಸೋಜಿಗ. ಅವಳಾದರೋ ಅಂಗಡಿಯಲ್ಲಿ ಎರಡು ಬಗೆಯ ಸೋಪು ಎದುರಿಗಿಟ್ಟುಕೊಂಡು, ಎರಡರ ಹಿಂಬದಿಯ ಅಕ್ಷರವನ್ನೂ ಪೂರ್ತಿ ಓದಿ, ಕೊನೆಗೆ ಯಾವುದನ್ನೂ ತೆಗೆದುಕೊಳ್ಳದೆ ಬರುವವಳು.

ಆದರೆ ಇವತ್ತು ಹಾಗೆ ಬರುವಂತಿರಲಿಲ್ಲ. ಬೆಟ್ಟದ ಆಚೆಯ ಊರಿನಲ್ಲಿ ಯಜಮಾನರು ಅಂಗಡಿಯ ಶಾಖೆ ತೆರೆಯುವವರಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಸಿಗಬಹುದು, ಇಲ್ಲವೇ ಲೆನ್ಸು ಕತ್ತರಿಸುವವನಿಗೆ ಸಿಗಬಹುದು. ಹೊಸ ಅಂಗಡಿಯ ಪರೀಕ್ಷೆ ಕೋಣೆಗೆ ದೊಡ್ಡ ಕಿಟಕಿಯಿದೆಯಂತೆ, ಕೆಲಸವಿಲ್ಲದ ಹೊತ್ತಿನಲ್ಲಿ ಪರದೆ ಸರಿಸಿದರೆ ಕಣಿವೆಯೇ ಕಾಣುತ್ತದಂತೆ. ವರ್ಷಗಟ್ಟಲೆ ಕತ್ತಲೆಯಲ್ಲಿ ಕೂತ ಅವಳು ಆ ಕಿಟಕಿಯನ್ನು ಕನಸಿನಲ್ಲೇ ಎಷ್ಟೋ ಸಲ ತೆರೆದು ಮುಚ್ಚಿದ್ದಳು. ಯಜಮಾನರಿಗೆ ಇದ್ದದ್ದು ಒಂದೇ ಅನುಮಾನ.

“ಬೆಟ್ಟದ ದಾರಿ,” ಎಂದಿದ್ದರು ನಿನ್ನೆ. “ನಡುವೆ ಗಾಡಿ ಕೈ ಕೊಟ್ಟರೆ ಅಂಗಡಿ ಬಾಗಿಲು ಯಾರು ತೆಗೀತಾರೆ? ನಾಳೆ ರಜಾ ತಗೊಳ್ಳಿ. ಗಾಡಿಗೆ ಏನು ವ್ಯವಸ್ಥೆ ಅಂತ ಖಚಿತ ಮಾಡ್ಕೊಂಡು ಸಂಜೆ ಅಂಗಡೀಲಿ ಸಿಗಿ. ನಾನು ಬಡಗಿ ಕೆಲಸ ನೋಡ್ಕೊಂಡು ಬೀಗದಕೈ ತಗೊಂಡು ಬಂದಿರ್ತೀನಿ. ಯಾರಿಗೆ ಕೊಡೋದು ಅಂತ ಆಗ ಹೇಳ್ತೀನಿ.”

ಗಂಡನನ್ನು ಕೇಳಿದ್ದಾಯಿತು. “ನಿನಗೆ ಯಾವುದು ಸರಿ ಅನ್ಸುತ್ತೋ ಅದು” ಎಂಬ ತನ್ನ ಎಂದಿನ ಉತ್ತರವನ್ನು ಮೇಜಿನ ಮೇಲಿಟ್ಟು ಅವನು ಕೆಲಸಕ್ಕೆ ಹೋಗಿದ್ದ.

ಅಡುಗೆಮನೆಯಲ್ಲಿ ಅತ್ತೆಗೆ ಮಾತ್ರ ಕಿಂಚಿತ್ತೂ ಅನುಮಾನವಿರಲಿಲ್ಲ. “ಕಂಪನಿದೇ ಮುಂದುವರಿಸು. ಅವರೇ ಹೆತ್ತಿದ್ದು ಆ ಗಾಡೀನ. ಅದರ ಕಾಯಿಲೆ ಕಸಾಲೆ ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ?”

“ಹೆತ್ತು ಮಾರಿಬಿಟ್ರಲ್ಲ ಅಮ್ಮಾವ್ರೇ,” ಎಂದಿತು ಬಾಗಿಲಿಂದ ಒಂದು ದನಿ. ಪೇಪರು ಕೇಳುವ ನೆವದಲ್ಲಿ ಕಾಫಿಗೆ ಬರುವ ಮಹಡಿ ಮನೆಯವರು ಅವರು. ಮೋಟಾರು ಕ್ಲಬ್ಬಿನ ಹಳೆಯ ಸದಸ್ಯರು. ಎದೆ ಮೇಲೆ ಕ್ಲಬ್ಬಿನ ಬಿಲ್ಲೆ ಇಲ್ಲದೆ ಹಾಲು ತರಲೂ ಹೊರಗೆ ಹೋಗದ ಅವರಿಗೆ ಬೀದಿಯಲ್ಲೆಲ್ಲ ಕ್ಲಬ್ ಅಂಕಲ್ ಎಂದೇ ಹೆಸರು. “ಕಂಪನಿ ನೋಡ್ಕೊಳ್ಳೋದು ಗಾಡೀನ. ಕ್ಲಬ್ಬು ನೋಡ್ಕೊಳ್ಳೋದು ಮನುಷ್ಯನ್ನ. ನಾನು ಯಾರ ಗಾಡೀಲಿ ಕೂತಿದ್ರೂ ಸರಿ, ಅದು ನಿಂತರೆ ನಮ್ಮವರು ಬರ್ತಾರೆ.”

“ಬಂದಿದಾರಾ ಯಾವತ್ತಾದ್ರೂ?”

ಅಂಕಲ್ ಕಾಫಿ ಲೋಟದೊಳಗೆ ನೋಡಿದರು. “ನನ್ನ ಗಾಡಿ ನಿಂತೇ ಇಲ್ಲ ಇವತ್ತಿನವರೆಗೂ.”

“ಗಾಡಿ ಮಾರಿ ಎಷ್ಟು ವರ್ಷ ಆಯ್ತು ನೀವು? ಇಲ್ಲದ ಗಾಡಿ ನಿಲ್ಲೋದಾದ್ರೂ ಎಲ್ಲಿ?”

ಇವರಿಬ್ಬರ ನಡುವೆ ಅವಳು ಟೆನಿಸ್ ಪಂದ್ಯ ನೋಡುವವರ ಹಾಗೆ ಕತ್ತು ತಿರುಗಿಸುತ್ತಿದ್ದಳು. ಇಬ್ಬರ ಮಾತೂ ಸರಿಯೆನಿಸುತ್ತಿತ್ತು. ಕೊನೆಗೆ ಅವಳ ಬಾಯಿಂದ ಬಂದದ್ದು ಇಷ್ಟೇ: “ನಿಜವಾಗ್ಲೂ ಕರೆದಾಗ ಯಾರು ಬೇಗ ಬರ್ತಾರೆ ಅಂತ ತಿಳಿಯೋದು ಹೇಗೆ?”

ಅತ್ತೆ ಸೌಟು ಕೆಳಗಿಟ್ಟರು. ಅವರ ಕಣ್ಣಿನಲ್ಲಿ ಮಿಂಚಿದ ಕುತೂಹಲ ಅವಳಿಗೆ ಹೊಸದಲ್ಲ. ಆ ಮಿಂಚು ಬಂದಾಗಲೆಲ್ಲ ಮನೆಯಲ್ಲಿ ಯಾವುದಾದರೊಂದು ಮಿಕ್ಸರ್ ಬಿಚ್ಚಿಹೋಗುತ್ತಿತ್ತು.

“ಕರೆದೇ ನೋಡೋಣ,” ಎಂದರು ಅತ್ತೆ. “ನಿನ್ನ ಕಂಪನಿದು ಇವತ್ತಿನವರೆಗೆ ಇದೆ. ಇವರ ಕ್ಲಬ್ಬು ಇವರ ಜತೇಲೇ ಇದೆ. ಬೆಟ್ಟದ ದಾರೀಲಿ ಗಾಡಿ ನಿಲ್ಲಿಸೋದು, ಇಬ್ಬರಿಗೂ ಫೋನ್ ಮಾಡೋದು. ಯಾರು ಮೊದಲು ಬರ್ತಾರೋ ಅವರದ್ದು ತಗೋ.”

“ಸುಳ್ಳು ಹೇಳಿ ಕರೆಯೋದಾ ಅತ್ತೆ?”

“ಸುಳ್ಳು ಯಾಕೆ? ಗಾಡೀನ ನಿಜವಾಗಿ ಕೆಡಿಸಿದರಾಯ್ತು,” ಎಂದರು ಕ್ಲಬ್ ಅಂಕಲ್, ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಬೆಟ್ಟದ ಅರ್ಧದಲ್ಲಿ, ರಸ್ತೆ ಅಗಲವಾಗುವ ಒಂದು ತಿರುವಿನಲ್ಲಿ ಅವಳು ಗಾಡಿ ನಿಲ್ಲಿಸಿದಳು. ಹಿಂದೆ ಗೋಡೆಯಂಥ ಬಂಡೆ, ಮುಂದೆ ಕಣಿವೆ. ಅಂಕಲ್ ಬಾನೆಟ್ ಎತ್ತಿ, ಒಂದು ಕಪ್ಪು ಪೆಟ್ಟಿಗೆ ತೆರೆದು, ಉಗುರಿನಷ್ಟು ಅಗಲದ ಫ್ಯೂಸೊಂದನ್ನು ಹಲ್ಲು ಕಿತ್ತಂತೆ ಕಿತ್ತರು. ಅವಳು ಕೀಲಿ ತಿರುಗಿಸಿದಳು. ಗಾಡಿ ಕೆಮ್ಮಿತೇ ಹೊರತು ಏಳಲಿಲ್ಲ. ಅಂಕಲ್ ಫ್ಯೂಸನ್ನು ಜೋಪಾನವಾಗಿ ಒಂದು ಕಾಗದದ ಕರವಸ್ತ್ರದಲ್ಲಿ ಸುತ್ತಿ ಸ್ಟಿಯರಿಂಗಿನ ಮುಂದಿಟ್ಟರು. ಅವಳ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಈಗ ಹೇಳುವುದು ಸತ್ಯವೇ.

ಕಂಪನಿಯ ಫೋನಿನಲ್ಲಿ ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ, ಮತ್ತೆ ಒಂದು ಒತ್ತಿದ ಮೇಲೆ ಹುಡುಗಿಯೊಬ್ಬಳು ಸಿಕ್ಕಳು. “ಗಾಡೀಲಿ ಮಕ್ಕಳು, ವಯಸ್ಸಾದವರು ಯಾರಾದ್ರೂ ಇದಾರಾ ಮೇಡಂ?”

ಸುಳ್ಳು ಹೇಳಲಾರದವಳು ಹಿಂದಿನ ಸೀಟಿನ ಕಡೆ ನೋಡಿದಳು. “ಇಬ್ಬರು ವಯಸ್ಸಾದವರಿದಾರೆ.”

“ಒಬ್ಬರು ಅನ್ನು,” ಎಂದರು ಅತ್ತೆ. “ಅವರು ಮಾತ್ರ.”

“ಹಾಗಾದ್ರೆ ತುರ್ತು ಅಂತ ಗುರುತು ಹಾಕ್ತೀನಿ ಮೇಡಂ. ನಿಮ್ಮದೇ ಮೊದಲು.”

ಅತ್ತೆ ಗೆದ್ದವರ ಹಾಗೆ ಸೆರಗು ಕೊಡವಿಕೊಂಡರು. ಅಷ್ಟರಲ್ಲಿ ಅಂಕಲ್ ತಮ್ಮ ಕ್ಲಬ್ಬಿಗೆ ಫೋನ್ ಹಚ್ಚಿದ್ದರು. ಅಲ್ಲಿ ಒತ್ತುವುದೇನೂ ಇರಲಿಲ್ಲ. ಅಲ್ಲಿಯವರು ಇವರ ಮಂಡಿ ನೋವು ಹೇಗಿದೆ ಎಂದು ವಿಚಾರಿಸಿದರು, ಇವರು ಅವರ ಮಗಳ ಮದುವೆ ಎಲ್ಲಿಗೆ ಬಂತೆಂದು ವಿಚಾರಿಸಿದರು. ಗಾಡಿಯ ಸುದ್ದಿ ಬಂದದ್ದು ಕೊನೆಗೆ, ಪತ್ರದ ಅಡಿಯಲ್ಲಿ ಸೇರಿಸುವ ಒಂದು ಸಾಲಿನ ಹಾಗೆ.

“ನೋಡಿದೆಯಾ ಪ್ರೀತಿ?” ಎಂದರು ಅಂಕಲ್ ಅವಳಿಗೆ.

“ಪ್ರೀತಿ ಇಲ್ಲೀವರೆಗೆ ಬರುತ್ತೋ ಇಲ್ವೋ ನೋಡೋಣ,” ಎಂದರು ಅತ್ತೆ.

ಮೂವರೂ ಕೆಳಗಿನ ತಿರುವಿನ ಮೇಲೆ ಕಣ್ಣಿಟ್ಟು ಕೂತರು. ಅವಳಿಗೆ ತನ್ನ ಹೆದರಿಕೆಯೂ ಮರೆತುಹೋಯಿತು. ನಿನ್ನೆಯಿಂದ ತಲೆ ತಿಂದ ಪ್ರಶ್ನೆಯೊಂದಕ್ಕೆ ಉತ್ತರ ತಾನಾಗಿಯೇ ಗುಡ್ಡ ಹತ್ತಿ ಬರುತ್ತಿದೆಯೆಂದರೆ ಯಾರಿಗೆ ತಾನೇ ಕುತೂಹಲವಾಗದು? ಅತ್ತೆ ಬಿಸ್ಕತ್ತು ತೆಗೆದರು. ತಿಂದಾದ ಮೇಲೆ, ಎಲ್ಲಿ ಹೋದರೂ ಚೊಕ್ಕಟ ಮಾಡುವ ತಮ್ಮ ಅಭ್ಯಾಸದಂತೆ, ಮುಂದಕ್ಕೆ ಬಾಗಿ ಸ್ಟಿಯರಿಂಗಿನ ಮುಂದಿದ್ದ ಕಾಗದವೆತ್ತಿ, ಅದರಿಂದಲೇ ಪುಡಿಯನ್ನು ಒರೆಸಿ, ಕಾಗದವನ್ನು ಕಿಟಕಿಯಾಚೆ ಚೆನ್ನಾಗಿ ಕೊಡವಿದರು.

ಕಣಿವೆಯ ಕಡೆಗೆ ಏನೋ ಒಂದು ಫಳ್ಳನೆ ಹೊಳೆದು ಹೋಯಿತು.

“ಅದು ಫ್ಯೂಸು ಅಮ್ಮಾವ್ರೇ,” ಎಂದರು ಅಂಕಲ್ ಮೆಲ್ಲಗೆ.

“ಫ್ಯೂಸನ್ನ ಯಾರಾದ್ರೂ ಮುಖ ಒರೆಸೋ ಕಾಗದದಲ್ಲಿ ಸುತ್ತಿಡ್ತಾರಾ?” ಎಂದರು ಅತ್ತೆ, ಇನ್ನೂ ಮೆಲ್ಲಗೆ.

ಪರೀಕ್ಷೆಗೆಂದು ಹೊರಟ ಗಾಡಿ ಈಗ ನಿಜಕ್ಕೂ ನಿಂತಿತ್ತು. ಸಂಜೆ ಅಂಗಡಿಗೆ ಹೋಗದಿದ್ದರೆ ಬೀಗದಕೈ ಲೆನ್ಸು ಕತ್ತರಿಸುವವನ ಜೇಬಿಗೆ.

ತಿರುವಿನಲ್ಲಿ ಹಳದಿ ವ್ಯಾನೊಂದು ಏದುಸಿರು ಬಿಡುತ್ತಾ ಕಾಣಿಸಿತು. ನೀಲಿ ಕೋಟು ತೊಟ್ಟವನೊಬ್ಬ ಇಳಿದು, ಕೋಟಿನ ಮೇಲಿದ್ದ ಕಾರು ಕಂಪನಿಯ ಗುರುತು ಕಾಣುವ ಹಾಗೆ ಎದೆಯುಬ್ಬಿಸಿ, ತನ್ನದೇ ಫೋಟೋ ತೆಗೆದುಕೊಂಡ.

“ಯಾರು ಮೊದಲು ಬಂದ್ರು?” ಎಂದು ಅತ್ತೆ ಅಂಕಲ್‌ರನ್ನು ಕೇಳಿದರು. ಅಂಕಲ್ ಕಣಿವೆ ನೋಡುತ್ತಿದ್ದರು.

ವ್ಯಾನಿನವನು ಬಾನೆಟ್ ಎತ್ತಿ ನೋಡಿ, “ಒಂದು ಫ್ಯೂಸಿಲ್ಲ,” ಎಂದ. ಅವಳ ಮುಖಕ್ಕೆ ರಕ್ತ ನುಗ್ಗಿತು. ಅವನು ಮಾತ್ರ ಹೆಚ್ಚು ಕೆದಕಲಿಲ್ಲ. “ಫ್ಯೂಸು ನನ್ನ ಹತ್ರ ಇದೆ ಮೇಡಂ. ಆದರೆ ಕಂಪನಿ ರೂಲ್ ಪ್ರಕಾರ ದಾರೀಲಿ ಹಾಕೋ ಹಾಗಿಲ್ಲ. ಅವರ ವರ್ಕ್‌ಶಾಪಿಗೇ ಎಳ್ಕೊಂಡು ಹೋಗಬೇಕು.” ಹೇಳುತ್ತಲೇ ಕೊಕ್ಕೆ ಸಿಕ್ಕಿಸಿ ಗಾಡಿಯ ಮುಂಭಾಗವನ್ನು ಮೇಲಕ್ಕೆತ್ತಿ ಇನ್ನೊಂದು ಫೋಟೋ ತೆಗೆದ. ಆಮೇಲೆ ಫೋನು ನೋಡಿಕೊಂಡು, “ಒಂದು ನಿಮಿಷ, ಇಲ್ಲೇ ಹತ್ತಿರ ನನಗೆ ಇನ್ನೊಂದು ಕೇಸಿದೆ,” ಎಂದು ವ್ಯಾನಿನ ಹಿಂದಕ್ಕೆ ಹೋದ.

ಹಿಂತಿರುಗಿ ಬಂದಾಗ ಅವನ ಮೈಮೇಲೆ ಹಸಿರು ಕೋಟಿತ್ತು. ಎದೆಯ ಮೇಲೆ ಕ್ಲಬ್ಬಿನ ಬಿಲ್ಲೆ.

“ನಮಸ್ಕಾರ,” ಎಂದ ಅವನು, ಈ ಮೊದಲು ಅವರನ್ನು ನೋಡಿಯೇ ಇಲ್ಲವೆಂಬಂತೆ. “ಮೋಟಾರು ಕ್ಲಬ್ಬಿಂದ ಬಂದಿದೀನಿ. ಸದಸ್ಯರು ಯಾರು?”

ಕ್ಲಬ್ ಅಂಕಲ್ ಕೈಯೆತ್ತಿದರು, ತರಗತಿಯಲ್ಲಿ ಹಾಜರಿ ಹೇಳುವವರ ಹಾಗೆ.

“ನೀನೇ ಅಲ್ವೇನಪ್ಪಾ ಆಗ್ಲೇ ಬಂದಿದ್ದು?” ಎಂದರು ಅತ್ತೆ.

“ಆಗ ಕಂಪನಿ ಕಡೆಯಿಂದ ಬಂದಿದ್ದೆ ಅಮ್ಮ. ಈ ಬೆಟ್ಟಕ್ಕೆ ಎಲ್ಲರ ಕಡೆಯಿಂದಲೂ ನಾನೇ. ಕೋಟು ಮಾತ್ರ ಬೇರೆ.” ಅವನು ಗಾಡಿಯ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ. “ಇದನ್ನ ಯಾರು ಎತ್ತಿದ್ದು? ಕ್ಲಬ್ ರೂಲ್ ಪ್ರಕಾರ ಮೊದಲು ನಿಂತಲ್ಲೇ ಸರಿ ಮಾಡಬೇಕು.” ಗಾಡಿಯನ್ನು ಕೆಳಗಿಳಿಸಿ ಫೋಟೋ ತೆಗೆದು ಎರಡೂ ಕಡೆಗೆ ಕಳಿಸಿದ.

ಫೋಟೋ ಹೋದದ್ದೇ ತಡ, ಕಂಪನಿಯಿಂದ ಫೋನು ಬಂತು. ಎತ್ತಿದ ಗಾಡಿಯನ್ನು ಇಳಿಸಿದ್ದೇಕೆ? ನಕ್ಷೆಯಲ್ಲಿ ವ್ಯಾನಿನ ಚುಕ್ಕೆ ಅಲ್ಲಾಡುತ್ತಲೇ ಇಲ್ಲವೇಕೆ? ಅವನು ನೀಲಿ ಕೋಟು ತೊಟ್ಟು ಗಾಡಿ ಎತ್ತಿದ. ಕ್ಲಬ್ಬಿನವರು ಫೋನು ಮಾಡಿ, ಸದಸ್ಯರನ್ನು ದಾರಿಯಲ್ಲಿ ಬಿಟ್ಟು ಗಾಡಿ ಎಳೆಯುತ್ತಿದ್ದೀಯಂತೆ, ಅವರ ಮಂಡಿ ನೋವಿನ ಗತಿಯೇನು ಎಂದು ಕೇಳಿದರು. ಅವನು ಹಸಿರು ಕೋಟು ತೊಟ್ಟು ಇಳಿಸಿದ. ಗಾಡಿ ಮೂತಿ ಎತ್ತುತ್ತಾ ಇಳಿಸುತ್ತಾ ಎಲ್ಲದಕ್ಕೂ ಹೂಂಗುಟ್ಟುವ ಎಮ್ಮೆಯ ಹಾಗೆ ಕಾಣುತ್ತಿತ್ತು.

“ಎರಡರಲ್ಲಿ ಒಂದು ಕೇಸು ಮುಚ್ಚಿ ಅಣ್ಣ,” ಎಂದಳು ಅವಳು, ಹೊತ್ತು ಇಳಿಯುತ್ತಿದ್ದುದನ್ನು ನೋಡುತ್ತಾ.

“ಕಂಪನಿದು ಮೊದಲು ತೆರೆದಿದ್ದು. ಅದು ಮುಚ್ಚದೆ ಕ್ಲಬ್ಬಿಂದು ಮುಚ್ಚಲ್ಲ. ಗಾಡಿ ಸರಿಹೋಯ್ತು ಅಂದರೇನೇ ಕಂಪನಿದು ಮುಚ್ಚೋದು. ಸರಿ ಮಾಡೋಕೆ ಕಂಪನಿ ಕೋಟಲ್ಲಿ ನನಗೆ ಅಧಿಕಾರ ಇಲ್ಲ.” ಇದನ್ನು ಹೇಳುವಾಗ ಅವನ ಮುಖದಲ್ಲಿ ಬೇಸರವಿರಲಿಲ್ಲ, ಲೋಕವಿರುವುದೇ ಹೀಗೆ ಎಂಬ ಶಾಂತಿಯಿತ್ತು. ಅವನ ಫೋನು ಮತ್ತೆ ಹೊಡೆದುಕೊಂಡಿತು. ನೋಡಿ, ಜೇಬಿಗೆ ಹಾಕಿಕೊಂಡ. “ಬೇರೆಯವರು. ಕಾಯ್ತಾರೆ. ವಯಸ್ಸಾದವರಿದಾರೆ ಅಂತ ನಿಮ್ಮದಕ್ಕೆ ಕೆಂಪು ಗುರುತು ಬಿದ್ದಿದೆ. ಉಳಿದವರೆಲ್ಲ ನಿಮ್ಮ ಹಿಂದೆ.”

ಕೊನೆಗೆ ಅತ್ತೆಯೇ ಫೋನು ಕಿತ್ತುಕೊಂಡು ಕಂಪನಿಗೆ ಮಾಡಿದರು. ಒಂದು, ಎರಡು, ಸಂಗೀತ, ಮತ್ತೆ ಒಂದು. “ನೋಡಮ್ಮ, ನಮ್ಮ ಗಾಡಿ, ನಮ್ಮ ಸೊಸೆ. ನಾವೇ ನೋಡ್ಕೋತೀವಿ. ರದ್ದು ಮಾಡು. ಕಾರಣ ಏನು ಅಂತ ಬರ್ಕೋತೀಯಾ? ವಯಸ್ಸಾದವರಿಗೆ ಹಸಿವಾಗಿದೆ ಅಂತ ಬರ್ಕೋ.”

ರದ್ದಾಯಿತು. ಹಸಿರು ಕೋಟಿನವನು ಫ್ಯೂಸು ಸಿಕ್ಕಿಸಿದ. ಗಾಡಿ ಒಂದೇ ಏಟಿಗೆ ಎದ್ದಿತು. ವ್ಯಾನು ಬೆಟ್ಟದ ಮೇಲಕ್ಕೆ, ಕಾಯುತ್ತಿದ್ದ ಇನ್ನಾರದೋ ಕಡೆಗೆ ಓಡಿತು.

“ಮೊದಲು ಬಂದಿದ್ದು ಕಂಪನಿ,” ಎಂದರು ಅತ್ತೆ ಇಳಿಜಾರಿನಲ್ಲಿ.

“ಸರಿ ಮಾಡಿದ್ದು ಕ್ಲಬ್ಬು,” ಎಂದರು ಅಂಕಲ್.

ಜನ್ಮದಲ್ಲಿ ಮೊದಲ ಸಲ ಅವಳಿಗೆ ಒಂದು ತೀರ್ಮಾನ ಕೈಗೆ ಸಿಕ್ಕಿತ್ತು. ಯಾವುದನ್ನು ಕೊಂಡರೂ ಬರುವವನು ಅವನೇ. ಬಂದೇ ಬರುತ್ತಾನೆ, ಅದೂ ಬೇಗ ಬರುತ್ತಾನೆ. ಇನ್ನು ಹೋಲಿಸುವುದಕ್ಕೇ ಏನೂ ಉಳಿದಿಲ್ಲ. ಇಷ್ಟು ಹಗುರ ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಅವರಿಬ್ಬರನ್ನೂ ಮನೆಗೆ ಬಿಟ್ಟು, ಮುಖ ತೊಳೆದು, ಅಂಗಡಿಗೆ ಬಂದು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕೂತಳು.

ಯಜಮಾನರು ಬರಲಿಲ್ಲ. ಲೆನ್ಸು ಕತ್ತರಿಸುವವನು ಮೋಟಾರ್ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಆಚೀಚೆ ನಡೆದಾಡಿದ. ಬೀದಿ ದೀಪ ಹತ್ತುವ ಹೊತ್ತಿಗೆ ಅಂಗಡಿಯ ಮುಂದೆ ಹಳದಿ ವ್ಯಾನೊಂದು ಬಂದು ನಿಂತಿತು. ಅದರ ಹಿಂದೆ, ಮೂತಿ ಮೇಲೆ ಮಾಡಿಕೊಂಡು, ಯಜಮಾನರ ಕಾರು.

ಅವಳು ಎದ್ದು ನಿಂತಳು.

ಯಜಮಾನರ ಮುಖ ಬಿಸಿಲಿಗೆ ಇಟ್ಟಿಗೆಯ ಹಾಗಾಗಿತ್ತು. ತಲೆತುಂಬ ಧೂಳು. “ಮೊದಲು ನೀರು,” ಎಂದರು. ಕುಡಿದು, ಕುರ್ಚಿಯಲ್ಲಿ ಕುಸಿದರು. “ಅರ್ಧ ದಿನ ಬೆಟ್ಟದ ಮೇಲೆ ಒಂದು ಕಲ್ಲಿನ ಮೇಲೆ ಕೂತಿದ್ದೆ. ಫೋನ್ ಮಾಡಿದಾಗೆಲ್ಲ ಒಂದೇ ರಾಗ. ನಿಮ್ಮ ಮುಂದೆ ತುರ್ತು ಕೇಸಿದೆ, ವಯಸ್ಸಾದವರಿದಾರೆ, ಕಾಯಿರಿ. ಸರಿ, ನಿಮ್ಮ ವ್ಯವಸ್ಥೆ ಏನಾಯ್ತು ಹೇಳಿ.”

“ಖಚಿತ ಆಯ್ತು ಸಾರ್. ಆ ದಾರೀಲಿ ಬೇಗ ಬರ್ತಾರೆ ಅಂತ ನಾನೇ ಖುದ್ದಾಗಿ...” ಅವಳ ಮಾತು ಅಲ್ಲಿಗೇ ನಿಂತಿತು. ವ್ಯಾನಿನವನು ಕೈ ಒರೆಸಿಕೊಳ್ಳುತ್ತಾ ಒಳಗೆ ಬರುತ್ತಿದ್ದ.

“ಮೇಡಂ ಇಲ್ಲೇನಾ ಕೆಲ್ಸ ಮಾಡೋದು?” ಎಂದ ಅವನು, ನಂಟರನ್ನು ಕಂಡ ಸಂತೋಷದಲ್ಲಿ. “ನಮ್ಮ ಗಿರಾಕಿ ಸಾರ್. ಕಂಪನಿ ಕಡೆಯಿಂದಾನೂ, ಕ್ಲಬ್ ಕಡೆಯಿಂದಾನೂ.”

ಯಜಮಾನರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವಳು ಬೈಗುಳಕ್ಕೆ ಕಣ್ಣು ಮುಚ್ಚಿದಳು.

“ಎರಡೂ?” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕಾಚಾರ ಕುದುರಿದಾಗ ಬರುವ ನಯವಿತ್ತು. “ನಾನು ಅದೇ ಹೇಳ್ತಿದ್ದೆ ಇವನಿಗೆ, ದಾರಿಯುದ್ದಕ್ಕೂ. ಬೆಟ್ಟದಲ್ಲಿ ಒಬ್ಬನೇ ಒಬ್ಬ ವ್ಯಾನಿನವನು. ಒಂದೇ ಬೆಳಗ್ಗೆ ಒಂದೇ ತಿರುವಿಂದ ಇಬ್ಬಿಬ್ಬರು ಕರೀತಾರಂತೆ. ಎಂಥಾ ಬೇಡಿಕೆ ನೋಡಿ. ಆ ಊರಲ್ಲಿ ಜನ ಕನ್ನಡಕ ಇಲ್ಲದೆ ಬದುಕ್ತಾರೆ, ವ್ಯಾನಿಲ್ಲದೆ ಬದುಕಲ್ಲ. ಬೀಗದಕೈ ಇವನ ಕೈಗೇ ಕೊಟ್ಟೆ.”

“ಅಂದರೆ ಶಾಖೆ ಸಾರ್?”

“ಅಲ್ಲಿ ವ್ಯಾನು ನಿಲ್ಲುತ್ತೆ. ಇವನದ್ದು ಗಾಡಿ, ನಂದು ಜಾಗ. ನಮ್ಮದೇ ಸದಸ್ಯತ್ವ ಶುರು ಮಾಡ್ತಿದೀವಿ. ಇದನ್ನ ಯಾರು ತಗೋತಾರೆ ಅಂತ ಸಣ್ಣ ಅನುಮಾನ ಇತ್ತು, ನಿಮ್ಮನ್ನ ನೋಡಿ ಅದೂ ಹೋಯ್ತು. ಎರಡು ಇಟ್ಕೊಂಡಿರೋರು ಮೂರನೇದನ್ನೂ ತಗೋತಾರೆ. ನಾಳೆಯಿಂದ ಕಣ್ಣು ತೋರಿಸೋಕೆ ಬರೋರಿಗೆಲ್ಲ, ಕುರ್ಚಿಯಿಂದ ಏಳೋ ಮುಂಚೆ, ಕಂಪನಿದು ಹೀಗೆ, ಕ್ಲಬ್ಬಿಂದು ಹೀಗೆ, ನಮ್ಮದು ಹೀಗೆ ಅಂತ ಬಿಡಿಸಿ ಹೇಳಿ. ಹೋಲಿಸಿ ನೋಡೋದರಲ್ಲಿ ನಿಮ್ಮನ್ನ ಮೀರಿಸೋರು ಯಾರಿದಾರೆ? ಮೊದಲನೇ ಸದಸ್ಯರೂ ನೀವೇ. ಆಗಲೇ ಸೇರಿಸ್ಕೊಂಡಾಯ್ತು.”

ಲೆನ್ಸು ಕತ್ತರಿಸುವವನು ಕೀಲಿ ತಿರುಗಿಸುವುದನ್ನು ನಿಲ್ಲಿಸಿ, ತನ್ನ ಯಂತ್ರದ ಕಡೆ ಹೊರಟುಹೋದ. ಯಜಮಾನರು ಕಪಾಟಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಹೊಚ್ಚ ಹೊಸ ಬಿಳಿ ಕೋಟು, ಜೇಬಿನ ಮೇಲೆ ದಾರದಲ್ಲಿ ಹೆಣೆದ ಕನ್ನಡಕದ ಗುರುತು. “ಶಾಖೆಯವರಿಗೆ ಅಂತ ಹೊಲಿಸಿಟ್ಟಿದ್ದೆ. ಸದ್ಯಕ್ಕೆ ಇದನ್ನೇ ಹಾಕ್ಕೋ,” ಎಂದರು.

ವ್ಯಾನಿನವನು ಅದನ್ನು ತೊಟ್ಟು, ಗಿರಾಕಿಗಳು ಫ್ರೇಮು ಹಾಕಿ ನೋಡಿಕೊಳ್ಳುವ ಕನ್ನಡಿಯ ಮುಂದೆ ನಿಂತ. ತೋಳು ಮೊಣಕೈ ದಾಟಲಿಲ್ಲ. ಗುಂಡಿ ಕೂಡಲಿಲ್ಲ. ಅದು ಅವಳ ಅಳತೆಗೆ ಹೊಲಿಸಿದ ಕೋಟಾಗಿತ್ತು.

ಅವಳ ಕೈಯಲ್ಲಿ ಫೋನು ಹೊಡೆದುಕೊಂಡಿತು. “ಏನಾಯ್ತೇ?” ಎಂದರು ಅತ್ತೆ. “ಮಹಡಿ ಮನೆಯವರು ಮೇಲಕ್ಕೆ ಹೋಗದೆ ಇಲ್ಲೇ ಕೂತಿದಾರೆ. ಸ್ಪೀಕರ್ ಹಾಕಿದೀನಿ. ಯಾರ ಮುಲಾಜೂ ನೋಡದೆ ಹೇಳು. ಕೊನೆಗೆ ಯಾರು ಗೆದ್ದಿದ್ದು?”

ಕನ್ನಡಿಯ ಮುಂದಿದ್ದವನು ಎದೆಯುಬ್ಬಿಸಿ ತನ್ನದೇ ಒಂದು ಫೋಟೋ ತೆಗೆದುಕೊಂಡ.

“ಮೂರನೆಯವರು, ಅತ್ತೆ,” ಎಂದಳು ಅವಳು.